ಶಾಲೆಯ ಬಳಿ ಮದ್ಯದಂಗಡಿ: ಆಕ್ಷೇಪಣೆ ಸಲ್ಲಿಸುವ ಬಗೆ

ಶಾಲೆಯ ಹತ್ತಿರ ಮದ್ಯದಂಗಡಿ ಬರಲಿದೆಯೆಂದು ತಿಳಿದೊಡನೆ ಊರಿನವರು ಬರೆಯುವ ಮನವಿಯಲ್ಲಿ ಕುಡಿತದ ಕೇಡುಗಳೇ ತುಂಬಿರುತ್ತವೆ. ಆ ಕಳಕಳಿ ಸಹಜವೇ. ಆದರೆ ಅಧಿಕಾರಿಯ ಕಡತದಲ್ಲಿ ಅದಕ್ಕಿಂತ ಹೆಚ್ಚು ತೂಕವಿರುವುದು ಅಳತೆಗೆ. ಕರ್ನಾಟಕ ಅಬಕಾರಿ ಪರವಾನಗಿಗಳ ಸಾಮಾನ್ಯ ಷರತ್ತುಗಳ 1967ರ ನಿಯಮಗಳಲ್ಲಿ 5ನೇ ನಿಯಮವು ಶಿಕ್ಷಣ ಸಂಸ್ಥೆ, ಧಾರ್ಮಿಕ ಸಂಸ್ಥೆ, ಆಸ್ಪತ್ರೆ, ಸರ್ಕಾರಿ ಕಚೇರಿಗಳಿಂದ 100 ಮೀಟರ್ ಒಳಗೆ ಹಾಗೂ ಪರಿಶಿಷ್ಟ ಜಾತಿ, ಪಂಗಡದವರೇ ಹೆಚ್ಚಾಗಿ ವಾಸಿಸುವ ಬಡಾವಣೆಗಳಲ್ಲಿ ಮದ್ಯದಂಗಡಿಗೆ ಅವಕಾಶ ಕೊಡುವುದಿಲ್ಲ.

ಈ ಅಂತರವನ್ನು ಹೊಲದ ಮೇಲೆ ನೇರವಾಗಿ ದಾರ ಎಳೆದು ಅಳೆಯುವಂತಿಲ್ಲ. ಬಹಳಷ್ಟು ಆಕ್ಷೇಪಣೆಗಳು ಎಡವುವುದು ಇಲ್ಲಿಯೇ. ಅಂಗಡಿಯ ಬಾಗಿಲಿನ ಮಧ್ಯಭಾಗದಿಂದ ಹೊರಟು, ಪಾದಚಾರಿಗಳು ಸಾಮಾನ್ಯವಾಗಿ ಬಳಸುವ ಅತಿ ಹತ್ತಿರದ ದಾರಿಯಲ್ಲೇ ಸಾಗಿ, ಸಂಸ್ಥೆಗೆ ಕಾಂಪೌಂಡ್ ಇದ್ದರೆ ಅದರ ಹತ್ತಿರದ ಗೇಟಿನ ಮಧ್ಯಭಾಗದವರೆಗೆ, ಇಲ್ಲದಿದ್ದರೆ ಕಟ್ಟಡದ ಹತ್ತಿರದ ಪ್ರವೇಶದ್ವಾರದ ಮಧ್ಯಭಾಗದವರೆಗೆ ಅಳೆಯಬೇಕು. ಆದ್ದರಿಂದ ಶಾಲೆಯ ಹಿಂಬದಿಯ ಗೇಟನ್ನು ಮಕ್ಕಳು ನಿತ್ಯ ಬಳಸುತ್ತಿದ್ದರೆ ಅದನ್ನು ಫೋಟೊ ಸಹಿತ ತೋರಿಸಬೇಕು.

ದಾಖಲೆಗಳಲ್ಲಿ ಶಾಲೆಯ ಮಾನ್ಯತೆಯ ಪತ್ರ ಮುಖ್ಯವಾದದ್ದು. ಟ್ಯುಟೋರಿಯಲ್ ಈ ರಕ್ಷಣೆಗೆ ಬರುವುದಿಲ್ಲ. ದೇವಸ್ಥಾನದ ಹೆಸರಿನಲ್ಲಿ ಆಕ್ಷೇಪಿಸುವವರು ಟ್ರಸ್ಟಿನ ನೋಂದಣಿ ಪತ್ರವಿದ್ದರೆ ಅದನ್ನು ಲಗತ್ತಿಸಬೇಕು; ಅರಳಿಕಟ್ಟೆಯ ನಾಗರಕಲ್ಲಿಗೆ ಊರಿನಲ್ಲಿ ಎಷ್ಟೇ ಮಾನ್ಯತೆಯಿದ್ದರೂ ನಿಯಮದ ವ್ಯಾಖ್ಯೆಯೊಳಗೆ ಅದನ್ನು ತರುವುದು ಸುಲಭವಲ್ಲ.

ಆಕ್ಷೇಪಣೆಯನ್ನು ಜಿಲ್ಲಾಧಿಕಾರಿಗೆ ಬರೆದು, ಪ್ರತಿಯನ್ನು ಜಿಲ್ಲೆಯ ಅಬಕಾರಿ ಉಪ ಆಯುಕ್ತರಿಗೆ ಕೊಟ್ಟು, ಎರಡೂ ಕಡೆ ದಿನಾಂಕವಿರುವ ಸ್ವೀಕೃತಿ ಪಡೆಯಿರಿ. ಬರಲಿರುವುದು ಯಾವ ವರ್ಗದ ಪರವಾನಗಿ, ಅಂದರೆ ಸಿಎಲ್-2 ಚಿಲ್ಲರೆ ಅಂಗಡಿಯೋ, ಸಿಎಲ್-9 ಬಾರ್ ಅಂಡ್ ರೆಸ್ಟೋರೆಂಟೋ, ಸಿಎಲ್-7 ವಸತಿಗೃಹವೋ ಎಂಬುದನ್ನೂ ನಮೂದಿಸಿ. ಅನೇಕ ಬಾರಿ ಅದು ಹೊಸ ಪರವಾನಗಿಯಾಗಿರದೆ ಬೇರೆಡೆಯ ಅಂಗಡಿಯ ಸ್ಥಳಾಂತರವಾಗಿರುತ್ತದೆ; ಹಾಗಿದ್ದರೆ ಅದನ್ನೂ ಬರೆಯಿರಿ.

ಅಬಕಾರಿ ನಿರೀಕ್ಷಕರು ಸ್ಥಳ ಪರಿಶೀಲಿಸಿ ಮಹಜರು ಬರೆಯುವಾಗ ಹಾಜರಿರಲು ಅವಕಾಶ ಕೋರಿ ಆಕ್ಷೇಪಣೆಯಲ್ಲೇ ಒಂದು ಸಾಲು ಸೇರಿಸುವುದು ಜಾಣತನ. ಆ ಅವಕಾಶ ತಪ್ಪಿದರೆ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕ ಕಟ್ಟಿ ಮಹಜರು ಮತ್ತು ಅಂತರ ಅಳೆದ ನಕ್ಷೆಯ ಪ್ರತಿ ಕೇಳಬಹುದು. ಉತ್ತರಕ್ಕೆ 30 ದಿನಗಳ ಗಡುವಿದೆ. ನಕ್ಷೆಯಲ್ಲಿ ತೋರಿಸಿರುವ ದಾರಿಯಲ್ಲಿ ಜನ ನಿಜವಾಗಿಯೂ ನಡೆದಾಡುತ್ತಾರೆಯೇ ಎಂಬುದನ್ನು ಮೊದಲು ನೋಡಿ. ಪರವಾನಗಿ ಮಂಜೂರಾಗಿಬಿಟ್ಟರೆ 1965ರ ಅಬಕಾರಿ ಕಾಯ್ದೆಯ 61ನೇ ಕಲಮಿನ ಪ್ರಕಾರ ಅಬಕಾರಿ ಆಯುಕ್ತರಿಗೆ ಮೇಲ್ಮನವಿ ಹೋಗುತ್ತದೆ. ಅಲ್ಲಿಯೂ ಮೊದಲು ತೆರೆಯುವುದು ಆ ನಕ್ಷೆಯನ್ನೇ.