ಬಡಾವಣೆ ಗಟ್ಟಿಯಾಗಬೇಕಾ? ಮೊದಲು ನೀರಿನ ದಾರಿ ಹುಡುಕಿ

ಚಿತ್ರದುರ್ಗದಲ್ಲಿ ಹೊಸ ಬಡಾವಣೆ ಅಂದರೆ ಮೊದಲು ರಸ್ತೆ, ಆಮೇಲೆ ಸೈಟು, ಆಮೇಲೆ ಬೋರ್‌ವೆಲ್, ಕೊನೆಗೆ ಟ್ಯಾಂಕರ್. ಕೋಟೆ ಕಟ್ಟಿದವರು ಹೀಗೆ ಮಾಡಲಿಲ್ಲ. ಬೆಟ್ಟದ ಮೇಲೆ ಬಿದ್ದ ಮಳೆ ಗೋಪಾಲಸ್ವಾಮಿ ಹೊಂಡ ತುಂಬಿಸಿ, ಹೆಚ್ಚಾದದ್ದು ಅಕ್ಕ-ತಂಗಿ ಹೊಂಡಕ್ಕೆ, ಅಲ್ಲಿಂದ ಸಿಹಿನೀರು ಹೊಂಡಕ್ಕೆ, ಅದೂ ತುಂಬಿದರೆ ಪೇಟೆಯ ಸಂತೆ ಹೊಂಡಕ್ಕೆ ಇಳಿಯುವಂತೆ ಮಾಡಿದ್ದರು. ಮಳೆ ಕಡಿಮೆ ಇರುವ ಊರಿಗೆ ಇದೇ ಸರಿಯಾದ ಲೆಕ್ಕ. ನಿಮ್ಮ ಬೀದಿಯಲ್ಲೂ ಇದನ್ನು ಮಾಡಬಹುದು.

ಮೊದಲು ನಕ್ಷೆ ಬೇಕು. ನಗರಾಭಿವೃದ್ಧಿ ಪ್ರಾಧಿಕಾರಕ್ಕೆ ಹೋಗಿ ಬಡಾವಣೆಯ ಮಂಜೂರಾದ ನಕ್ಷೆ ಕೇಳಿ. ಕೊಡದಿದ್ದರೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ಪಾರ್ಕು, ಸಿ.ಎ. ಸೈಟು (ಸಾರ್ವಜನಿಕ ಸೌಲಭ್ಯಕ್ಕೆ ಬಿಟ್ಟ ಜಾಗ), ಹಳ್ಳ ಎಲ್ಲಿವೆ ಅಂತ ಗುರುತು ಮಾಡಿಕೊಳ್ಳಿ. ಜೋರು ಮಳೆ ನಿಂತ ಕೂಡಲೇ ಅಕ್ಕಪಕ್ಕದವರು ನಾಲ್ಕು ಜನ ಸೇರಿ ಓಡಾಡಿ, ನೀರು ಎಲ್ಲಿಂದ ಬಂತು, ಯಾರ ಮನೆ ಮುಂದೆ ನಿಂತಿತು, ಎಲ್ಲಿ ಹೋಯಿತು ಅನ್ನುವುದನ್ನೆಲ್ಲ ನಕ್ಷೆಯ ಮೇಲೆ ಪೆನ್ನಿನಲ್ಲಿ ಬಾಣ ಹಾಕಿ ತೋರಿಸಿ. ನನ್ನ ಪ್ರಕಾರ ಇದಕ್ಕಿಂತ ಮುಖ್ಯವಾದ ಕೆಲಸ ಇನ್ನೊಂದಿಲ್ಲ. ಹಳ್ಳ ಮುಚ್ಚಿ ಸೈಟು ಮಾಡಿದರೂ ಜೋರು ಮಳೆಗೆ ನೀರು ಹಳೇ ದಾರಿಯಲ್ಲೇ ಬರುತ್ತದೆ.

ಆಮೇಲೆ ಮಾಳಿಗೆ. ಒಂದು ಚದರ ಮೀಟರ್ ಜಾಗದ ಮೇಲೆ 1 ಮಿ.ಮೀ. ಮಳೆ ಬಿದ್ದರೆ 1 ಲೀಟರ್ ನೀರು. 30×40 ಸೈಟಿನ ಮನೆಗೆ 90 ಚದರ ಮೀಟರ್ ಮಾಳಿಗೆ ಇದೆ ಅಂದುಕೊಳ್ಳಿ. ವರ್ಷಕ್ಕೆ 600 ಮಿ.ಮೀ. ಮಳೆಯಾದರೆ 54,000 ಲೀಟರ್. ಐದರಲ್ಲಿ ಒಂದು ಪಾಲು ಪೋಲಾದರೂ 43,000 ಲೀಟರ್ ಉಳಿಯುತ್ತದೆ, ಅಂದರೆ 5,000 ಲೀಟರಿನ ಎಂಟು ಟ್ಯಾಂಕರ್‌ಗಿಂತ ಜಾಸ್ತಿ! ನಮ್ಮ ಜಿಲ್ಲೆಯ ಎಷ್ಟೋ ಕಡೆ ಬೋರ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ ಇದೆ, ಹಾಗಾಗಿ ಈ ನೀರಿಗೆ ಬೆಲೆ ಇನ್ನೂ ಹೆಚ್ಚು. ಮೊದಲ ಮಳೆಯ ಕೊಳೆ ನೀರನ್ನು ಹೊರಗೆ ಬಿಡಿ. ಉಳಿದದ್ದನ್ನು ಜಲ್ಲಿ, ಮರಳಿನಲ್ಲಿ ಸೋಸಿ ಸಂಪಿಗೆ ತುಂಬಿಸಿ. ಕುಡಿಯುವುದಾದರೆ ಕಾಯಿಸಿ.

ಸಂಪು ತುಂಬಿದ ಮೇಲೆ ಇಂಗು ಗುಂಡಿ. ಆದರೆ ದುರ್ಗದಲ್ಲಿ ಎಲ್ಲೆಂದರಲ್ಲಿ ಗುಂಡಿ ತೆಗೆದರೆ ಆಗುವುದಿಲ್ಲ. ಎರಡು ಅಡಿಗೇ ಬಂಡೆ ಸಿಕ್ಕರೆ ನೀರು ಇಂಗುವುದಿಲ್ಲ, ಸುಮ್ನೆ ದುಡ್ಡು ದಂಡ. ಅಂಥಲ್ಲಿ ಸಂಪನ್ನೇ ದೊಡ್ಡದು ಮಾಡಿ. ಮಣ್ಣು ಆಳವಾಗಿರುವ ಕಡೆ, ಅದು ಸಾಮಾನ್ಯವಾಗಿ ತಗ್ಗಿನ ಪಾರ್ಕೇ ಆಗಿರುತ್ತದೆ, ಇಡೀ ಬೀದಿಗೆ ಒಂದು ದೊಡ್ಡ ಗುಂಡಿ ಸಾಕು. ಕೆಳಗೆ ದಪ್ಪ ಕಲ್ಲು, ಮೇಲೆ ಜಲ್ಲಿ, ಅದರ ಮೇಲೆ ಮರಳು. ಶೌಚದ ಗುಂಡಿ, ಕೊಳಚೆ ಚರಂಡಿ ಹತ್ತಿರ ಮಾತ್ರ ಬೇಡ.

ಮನೆ ಮುಂದಿನ ಜಾಗಕ್ಕೆಲ್ಲ ಸಿಮೆಂಟ್ ಹಾಕಿಸಬೇಡಿ. ಅಂಗನವಾಡಿ, ರೇಷನ್ ಅಂಗಡಿ, ಬಸ್ ಸ್ಟಾಪಿಗೆ ಹೋಗುವ ದಾರಿಯಲ್ಲಿ ಹೊಂಗೆ, ಬೇವು ನೆಡಿ. ಏಪ್ರಿಲ್ ಬಿಸಿಲಲ್ಲಿ ವಯಸ್ಸಾದವರು ನಡೆದು ಹೋಗಬೇಕಲ್ವಾ? ಕರೆಂಟ್ ತಂತಿ ಇರುವ ಕಡೆ ಸಣ್ಣ ಮರ ಹಾಕಿ. ಹಸಿ ಕಸ, ಒಣ ಕಸ ಬೇರೆ ಮಾಡಿ. ಚರಂಡಿ ಕಟ್ಟಿಕೊಳ್ಳುವುದು ಪ್ಲಾಸ್ಟಿಕ್‌ನಿಂದಲೇ.

ಕೊನೆಗೆ ಬಾಣ ಹಾಕಿದ ಆ ನಕ್ಷೆಯನ್ನು ನಗರಸಭೆಯ ಬಜೆಟ್ ಪೂರ್ವಭಾವಿ ಸಭೆಗೆ ತೆಗೆದುಕೊಂಡು ಹೋಗಿ. ಮೊದಲು ಹಳ್ಳ ಬಿಡಿಸಿ, ಆಮೇಲೆ ಪಾರ್ಕಿನ ಇಂಗು ಗುಂಡಿ, ಕಾಂಕ್ರೀಟ್ ರಸ್ತೆ ಮೂರನೆಯದು ಅಂತ ಬರೆದು ಎಲ್ಲರ ಸಹಿ ಹಾಕಿಸಿ ಕೊಡಿ. ಅರ್ಜಿ ಕೊಟ್ಟ ಮೇಲೆ ಸ್ವೀಕೃತಿ ಪಡೆಯದೆ ಮನೆಗೆ ಬರಬೇಡಿ.