ಪೊಲೀಸರೊಳಗಿನ ಲಂಚ ತಡೆ: ಜಪ್ತಿ ಕೋಣೆಯಿಂದ ಪಾಳಿ ಪಟ್ಟಿಯವರೆಗೆ ನನ್ನ ಅನುಭವ

ಠಾಣೆಯ ಆಂತರಿಕ ತಪಾಸಣೆಗೆ ಹೋದಾಗ ನಾನು ಮೊದಲು ತೆಗೆಸುವುದು ಜಪ್ತಿ ಮಾಲಿನ ಕೋಣೆಯ ಬೀಗ. ಪ್ರಾಮಾಣಿಕತೆಯ ಉಪನ್ಯಾಸ ಆಮೇಲೂ ಮಾಡಬಹುದು. ಎಣಿಸದ ನಗದು, ಒಬ್ಬನೇ ಸಿಬ್ಬಂದಿ, ಕೇಳುವವರಿಲ್ಲದ ಹೊತ್ತು ಒಟ್ಟಾಗುವುದು ಅಲ್ಲೇ.

ನಗದನ್ನು ಸಿಕ್ಕ ಜಾಗದಲ್ಲೇ, ಅದು ಯಾರ ಬಳಿ ಸಿಕ್ಕಿತೋ ಅವರೆದುರೇ ಇಬ್ಬರು ಬೇರೆ ಬೇರೆಯಾಗಿ ಎಣಿಸಬೇಕು. ಲೆಕ್ಕ ತಾಳೆಯಾದ ಮೇಲೆ ಯಾವ ಮುಖಬೆಲೆಯ ನೋಟು ಎಷ್ಟೆಂದು ಮಹಜರಿನಲ್ಲಿ ಬರೆದು, ಕ್ರಮಸಂಖ್ಯೆಯಿರುವ ಚೀಲಕ್ಕೆ ಹಾಕಿ ಮೊಹರು ಮಾಡಬೇಕು. ‘ಠಾಣೆಗೆ ಹೋಗಿ ಎಣಿಸೋಣ’ ಎಂದರೆ ದಾರಿಯಲ್ಲಿ ಏನಾಯಿತು ಎನ್ನುವುದಕ್ಕೆ ಸಾಕ್ಷಿಯೇ ಇರುವುದಿಲ್ಲ. ಮಾದಕ ವಸ್ತುವಾದರೆ ಚೀಲ ಸೇರಿಸಿ ಒಂದು ತೂಕ, ಚೀಲ ಬಿಟ್ಟು ಒಂದು ತೂಕ. ಹಸಿ ಗಾಂಜಾ ಒಣಗುತ್ತ ತೂಕ ಇಳಿಯುತ್ತದೆ, ಕಡಿಮೆಯಾದದ್ದೆಲ್ಲ ಕಳವಲ್ಲ. ಆದರೆ ಮಾತ್ರೆಗಳ ಎಣಿಕೆ ಒಣಗುವುದಿಲ್ಲವಲ್ಲ!

ರಿಜಿಸ್ಟರಿನಿಂದ ಹತ್ತು ನಮೂದು ಆರಿಸಿ ಕೋಣೆಯಲ್ಲಿ ಹುಡುಕುತ್ತೇನೆ. ಆಮೇಲೆ ಕೋಣೆಯಿಂದ ಹತ್ತು ಚೀಲ ಎತ್ತಿ ರಿಜಿಸ್ಟರಿನಲ್ಲಿ ಹುಡುಕುತ್ತೇನೆ. ಮೊದಲನೆಯದು ಕಳುವಾದದ್ದನ್ನು ಹೇಳುತ್ತದೆ, ಎರಡನೆಯದು ದಾಖಲೆಗೇ ಬಾರದ ಮಾಲನ್ನು. ಹೆಚ್ಚಿನ ತಪಾಸಣೆಗಳು ಮೊದಲನೆಯದಕ್ಕೇ ನಿಂತುಬಿಡುತ್ತವೆ. ತಿಂಗಳಿಡೀ ಸಹಿಗಳು ಒಂದೇ ಶಾಯಿ, ಒಂದೇ ಓರೆಯಲ್ಲಿದ್ದರೆ ಎಲ್ಲವನ್ನೂ ಒಂದೇ ಸಲ ಕೂತು ಹಾಕಿದ್ದಾರೆ ಎಂದು ಅನುಮಾನಿಸಿ.

ಪೊಲೀಸರ ಲಂಚದ ಬಗ್ಗೆ ದೂರು ಕೊಟ್ಟವರಿಗೆ ಸಂಖ್ಯೆ, ತಾರೀಖು ಇರುವ ರಸೀದಿ ಸಿಗಬೇಕು. ವಿಚಾರಣೆ ಅದೇ ಠಾಣೆಯವರ ಕೈಗೆ ಹೋಗಬಾರದು. ಹಾಂಗ್‌ಕಾಂಗ್ 1974ರಲ್ಲಿ ಈ ಕೆಲಸವನ್ನು ಪೊಲೀಸರಿಂದ ತೆಗೆದು ಸ್ವತಂತ್ರ ಆಯೋಗಕ್ಕೇ ಒಪ್ಪಿಸಿತು. ಸಾಬೀತಾಗದ ದೂರುಗಳನ್ನು ಎಸೆಯದೆ ಹೆಸರು, ಜಾಗ, ಪಾಳಿಯ ಪ್ರಕಾರ ಜೋಡಿಸಿಟ್ಟು, ಯಾರ ಮೇಲೆ ಮತ್ತೆ ಮತ್ತೆ ಬರುತ್ತಿವೆ ಎಂದು ನೋಡುತ್ತೇನೆ. ಆದರೆ ವಾಹನ ತಪಾಸಣೆಯವರ ಮೇಲಿನ ದೂರನ್ನು ಕಚೇರಿ ಗುಮಾಸ್ತರ ಮೇಲಿನ ದೂರಿನ ಜೊತೆ ಹೋಲಿಸಿದರೆ ಅನ್ಯಾಯ. ಅದೇ ಕೆಲಸ, ಅದೇ ಪಾಳಿಯವರೊಂದಿಗೆ ಮಾತ್ರ ಹೋಲಿಸಬೇಕು.

ನ್ಯೂಯಾರ್ಕ್ ಪೊಲೀಸರ ಬಗೆಗಿನ ನ್ಯಾಪ್ ಆಯೋಗದ 1972ರ ವರದಿ ಲಂಚಕೋರರನ್ನು ಎರಡು ಬಗೆ ಮಾಡಿತು: ಬೇಟೆಯಾಡುವ ‘ಮಾಂಸ ತಿನ್ನುವವರು’, ಎದುರಿಗೆ ಬಂದದ್ದನ್ನು ಬೇಡವೆನ್ನದ ‘ಹುಲ್ಲು ಮೇಯುವವರು’. ಸಂಖ್ಯೆ ದೊಡ್ಡದು ಎರಡನೆಯವರದು. ಅವರ ವಿಷಯದಲ್ಲಿ ಶಿಕ್ಷೆಗಿಂತ ಪ್ರಾಮಾಣಿಕತೆಯ ಪರೀಕ್ಷೆ ಹೆಚ್ಚು ಕೆಲಸ ಮಾಡುತ್ತದೆ. ನಾವೇ ಕಳಿಸಿದ ಒಬ್ಬರು ಸಿಕ್ಕಿದ ಪರ್ಸೆಂದು ಠಾಣೆಗೆ ತಂದುಕೊಡುತ್ತಾರೆ, ಅದು ದಾಖಲಾಯಿತೇ ಎಂದು ನೋಡುವುದು, ಅಷ್ಟೇ. ಪುಸಲಾಯಿಸಬಾರದು, ಮೊತ್ತ ಅಸಹಜವಾಗಿರಬಾರದು. ವಿಷಯ ಮೂರನೆಯವರ ಕಿವಿಗೆ ಬಿದ್ದರೆ ಸಂಜೆಯೊಳಗೆ ಇಡೀ ಠಾಣೆಗೆ ಗೊತ್ತಾಗಿರುತ್ತದೆ.

ಸಹೋದ್ಯೋಗಿಯ ಲಂಚದ ಸುಳಿವು ಕೊಟ್ಟವರ ಮೇಲಿನ ಸೇಡು ಲಿಖಿತ ಆದೇಶದಲ್ಲಿ ಬರುವುದೇ ಅಪರೂಪ. ಪಾಳಿ ಪಟ್ಟಿಯಲ್ಲಿ ಬರುತ್ತದೆ: ಸತತ ರಾತ್ರಿ ಪಾಳಿ, ಹಬ್ಬದ ದಿನವೇ ಬಂದೋಬಸ್ತು, ಸಿಗದ ರಜೆ. ಹಾಗಾಗಿ ಅವರ ಹೆಸರಿನ ಹಿಂದಿನ ಆರು ತಿಂಗಳ ಪಾಳಿ ಪಟ್ಟಿಯ ನಕಲನ್ನು ಸುಳಿವು ಬಂದ ದಿನವೇ ತೆಗೆದಿಡುತ್ತೇನೆ. ಮುಂದಿನ ಆರು ತಿಂಗಳು ಪ್ರತಿ ತಿಂಗಳ ಪಟ್ಟಿಯನ್ನೂ ಅದರ ಪಕ್ಕದಲ್ಲಿಟ್ಟು ನೋಡುತ್ತೇನೆ.