ಬೀರುವಿನ ಕೆಳಗೆ ಹೊಸ ನೆಲ: ಹಳೇ ಮಾರ್ಬಲ್ ಕಿತ್ತು ಹಾಕದೆ ಹೊಳಪು ತರುವುದು ಹೇಗೆ?

ಹೋದ ವರ್ಷ ಬಣ್ಣ ಹೊಡೆಸಲೆಂದು ಹಾಲ್‌ನಲ್ಲಿದ್ದ ಕಬ್ಬಿಣದ ಬೀರು ಸರಿಸಿದೆವು. ಅದರಡಿಯ ನೆಲ ನೋಡಿ ಮನೆಯವರೆಲ್ಲ ಒಂದು ಗಳಿಗೆ ಸುಮ್ಮನಾದೆವು. ನಾಲ್ಕು ಕಾಲಿನ ತುಕ್ಕು ಕಲೆ ಬಿಟ್ಟರೆ ಅಷ್ಟೂ ಜಾಗ ಹಾಲಿನ ಹಾಗೆ ಬೆಳ್ಳಗಿತ್ತು. ಟ್ಯೂಬ್‌ಲೈಟ್ ಅದರಲ್ಲಿ ಗೆರೆಯಾಗಿ ಕಾಣುತ್ತಿತ್ತು. ಸುತ್ತಲಿನ ನೆಲ ಮಾತ್ರ ಜಿಡ್ಡು ಹಿಡಿದ ಸ್ಟೀಲ್ ತಟ್ಟೆಯಂತೆ ಮಂಕಾಗಿತ್ತು. 1989ರಲ್ಲಿ ಅಪ್ಪ ಹಾಕಿಸಿದ ರಾಜಸ್ಥಾನದ ಮಕ್ರಾನಾ ಮಾರ್ಬಲ್ ಅದು. ಕಿತ್ತು ಟೈಲ್ಸ್ ಹಾಕಿಸುವುದೆಂದು ಆಗಲೇ ಮಾತಾಗಿತ್ತು. ಅಡ್ವಾನ್ಸ್ ಒಂದು ಕೊಟ್ಟಿರಲಿಲ್ಲ, ಪುಣ್ಯ.

ಟೈಲ್‌ಗೂ ಮಾರ್ಬಲ್‌ಗೂ ಇರುವ ದೊಡ್ಡ ವ್ಯತ್ಯಾಸ ಆ ಚೌಕದಲ್ಲೇ ಇತ್ತು. ಮಾಮೂಲಿ ಟೈಲ್‌ನ ಬಣ್ಣ, ಡಿಸೈನ್ ಎಲ್ಲ ಮೇಲಿನ ತೆಳು ಪದರದಲ್ಲಿ ಇರುತ್ತದೆ. ಅದು ಸವೆದರೆ ಕಥೆ ಮುಗಿಯಿತು. ಮಾರ್ಬಲ್ ಮೇಲಿಂದ ಕೆಳಗಿನವರೆಗೂ ಒಂದೇ ಕಲ್ಲು. ಹಳೇ ಮನೆಗಳಲ್ಲಿ ಸಾಮಾನ್ಯವಾಗಿ 18ರಿಂದ 20 ಮಿ.ಮೀ. ದಪ್ಪದ ಹಾಸು ಇರುತ್ತದೆ. ಮೂವತ್ತು ವರ್ಷ ಓಡಾಡಿ ನಾವು ಹಾಳು ಮಾಡುವುದು ಅದರ ಮೇಲ್ಮೈಯನ್ನು ಮಾತ್ರ. ಉಬ್ಬು ತಗ್ಗು ಸಮ ಮಾಡಿ ಪೂರ್ತಿ ಪಾಲಿಶ್ ಹಾಕಿಸಿದರೂ ಹೋಗುವುದು ಒಂದೆರಡು ಮಿ.ಮೀ. ಅಷ್ಟೇ.

ಮೊದಲು: ಅದು ಮಾರ್ಬಲ್ ಹೌದಾ?

ನಗಬೇಡಿ. ಮಾರ್ಬಲ್ ಎಂದುಕೊಂಡು ವಿಟ್ರಿಫೈಡ್ ಟೈಲ್‌ಗೆ ಪಾಲಿಶ್‌ನವರನ್ನು ಕರೆಸಿದವರಿದ್ದಾರೆ. ಗೆರೆಗಳನ್ನು ನೋಡಿ. ಒಂದೇ ಚಿತ್ತಾರ ನಾಲ್ಕೈದು ಕಡೆ ಅಚ್ಚು ಹೊಡೆದ ಹಾಗೆ ಮತ್ತೆ ಮತ್ತೆ ಬಂದರೆ ಅದು ಟೈಲ್. ಅನುಮಾನ ಉಳಿದರೆ ಕಾಟ್ ಕೆಳಗೋ ಬಾಗಿಲ ಹಿಂದೆಯೋ, ಯಾರಿಗೂ ಕಾಣದ ಕಡೆ ಒಂದು ಹನಿ ನಿಂಬೆರಸ ಬಿಡಿ. ಐದು ನಿಮಿಷ ಬಿಟ್ಟು ಒರೆಸಿ. ಹೊಳಪು ಹೋಗಿ ಮಾಸಲು ಚುಕ್ಕೆ ಉಳಿದರೆ ಮಾರ್ಬಲ್ ಅಥವಾ ಸುಣ್ಣದ ಕಲ್ಲು. ಗ್ರಾನೈಟ್ ಇದಕ್ಕೆಲ್ಲ ಜಗ್ಗುವುದಿಲ್ಲ.

ಕಾರಣ ಸರಳ. ಮಾರ್ಬಲ್ ಎಂದರೆ ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್. ಹುಳಿ ಯಾವುದಾದರೂ ಅದನ್ನು ತಿನ್ನುತ್ತದೆ. ನಿಂಬೆ, ಹುಣಸೆ, ಮಜ್ಜಿಗೆ, ವಿನೆಗರ್, ಕೊನೆಗೆ ಟಾಯ್ಲೆಟ್ ತೊಳೆಯುವ ಆಸಿಡ್. ನಮ್ಮ ಕಲಬುರಗಿ ಕಡೆಯ ಶಹಾಬಾದ್ ಕಲ್ಲೂ ಸುಣ್ಣದ ಕಲ್ಲೇ. ಹಾಗಾಗಿ ಆಸಿಡ್ ವಿಷಯದಲ್ಲಿ ಅದಕ್ಕೂ ಇದೇ ನಿಯಮ. 70-80ರ ದಶಕದ ಮೊಸಾಯಿಕ್ ನೆಲದಲ್ಲಿ ಇರುವುದೂ ಮಾರ್ಬಲ್ ಚೂರುಗಳೇ. ಮುಂದೆ ಹೇಳುವ ಸಾಣೆ ಕೆಲಸ, ಅಂದರೆ ಮಷೀನ್‌ನಲ್ಲಿ ನೆಲ ಉಜ್ಜಿ ನಯ ಮಾಡುವುದು, ಅದಕ್ಕೂ ಒಗ್ಗುತ್ತದೆ. ಕೆಂಪು ರೆಡ್ ಆಕ್ಸೈಡ್ ನೆಲಕ್ಕೆ ಮಾತ್ರ ಈ ಮಷೀನ್ ಹತ್ತಿಸಲೇಬೇಡಿ. ಅದರ ಬಣ್ಣ ಇರುವುದೇ ಮೇಲಿನ ತೆಳು ಪದರದಲ್ಲಿ.

ನಾಣ್ಯದಿಂದ ಬಡಿದು ನೋಡಿ

ಕೆಲಸದವರನ್ನು ಕರೆಯುವ ಮುಂಚೆ ಅರ್ಧ ದಿನ ನೆಲದ ಮೇಲೆ ಕೂತು ಪರೀಕ್ಷೆ ಮಾಡಿ. ಒಂದು ಐದು ರೂಪಾಯಿ ನಾಣ್ಯ, ಒಂದು ಟಾರ್ಚ್, ಒಂದು ಸೀಮೆಸುಣ್ಣ ಸಾಕು.

ನಾಣ್ಯದಿಂದ ಪ್ರತಿ ಕಲ್ಲಿನ ನಾಲ್ಕು ಮೂಲೆ ಮತ್ತು ನಡುವೆ ಬಡಿಯಿರಿ. ಗಟ್ಟಿ ಸದ್ದು ಬಂದರೆ ಸರಿ. ಡಬ್ಬದ ಹಾಗೆ ಟೊಳ್ಳು ಸದ್ದು ಬಂದರೆ ಕೆಳಗಿನ ಗಾರೆ ಬಿಟ್ಟಿದೆ ಎಂದರ್ಥ. ಅಲ್ಲಿ ಸೀಮೆಸುಣ್ಣದಲ್ಲಿ ಗುರುತು ಹಾಕಿ. ಭಾರದ ಮಷೀನ್ ಅದರ ಮೇಲೆ ಓಡಿದರೆ ಕಲ್ಲು ಬಿರುಕು ಬಿಡಬಹುದು. ಸಣ್ಣ ಟೊಳ್ಳಾದರೆ ಸಂದಿನಲ್ಲಿ ತೂತು ಮಾಡಿ ತೆಳು ಸಿಮೆಂಟ್ ಹಾಲು ಇಳಿಸುತ್ತಾರೆ. ಇಡೀ ಕಲ್ಲೇ ಅಲುಗಾಡುತ್ತಿದ್ದರೆ ಅದೊಂದನ್ನು ಎತ್ತಿ ಮತ್ತೆ ಕೂರಿಸಬೇಕು.

ಆಮೇಲೆ ಲೈಟ್ ಆರಿಸಿ ಟಾರ್ಚನ್ನು ನೆಲಕ್ಕೆ ತಾಗಿಸಿ ಅಡ್ಡ ಬೆಳಕು ಬಿಡಿ. ಗೀರು, ಕುಳಿ, ಒಂದು ಕಲ್ಲಿಗಿಂತ ಇನ್ನೊಂದು ಎತ್ತರ ಇರುವುದು ಎಲ್ಲ ಬಯಲಾಗುತ್ತದೆ.

ಇನ್ನೊಂದು ಪರೀಕ್ಷೆ ನೆಲಮಾಳಿಗೆ ಮತ್ತು ಕೆಳಮನೆಯವರಿಗೆ. ಕಲ್ಲು ಹಳದಿ ತಿರುಗಿದ್ದರೆ ಎರಡಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಬದಿ ಟೇಪ್ ಹಚ್ಚಿ ಒಂದು ದಿನ ಬಿಡಿ. ಹಾಳೆಯ ಒಳಗೆ ಬೆವರಿನ ಹನಿ ಕೂತರೆ ಕೆಳಗಿಂದ ತೇವ ಏರುತ್ತಿದೆ. ಕಲ್ಲಿನಲ್ಲಿರುವ ಕಬ್ಬಿಣದ ಅಂಶ ಆ ತೇವಕ್ಕೆ ತುಕ್ಕು ಹಿಡಿದು ಹಳದಿಯಾಗುತ್ತದೆ. ಇದಕ್ಕೆ ಪಾಲಿಶ್ ಮದ್ದಲ್ಲ. ಮೊದಲು ಪೈಪ್ ಸೋರಿಕೆ ಹುಡುಕಿ ನಿಲ್ಲಿಸಿ, ನೆಲ ಒಣಗಲು ಬಿಡಿ. ಇಲ್ಲದಿದ್ದರೆ ಆರೇಳು ತಿಂಗಳಲ್ಲಿ ಹಳದಿ ಮತ್ತೆ ಎದುರು ಬಂದು ನಿಲ್ಲುತ್ತದೆ.

ಕಲೆ ತೆಗೆಯುವುದು: ಉಜ್ಜಬೇಡಿ, ಹೀರಿಸಿ

ಇಲ್ಲಿ ನಾನು ಮಾಡಿದ ದಡ್ಡತನ ಹೇಳಿಬಿಡುತ್ತೇನೆ. ಬೀರುವಿನ ಕಾಲಿನ ತುಕ್ಕಿಗೆ ಬಾತ್‌ರೂಮಿನ ಆಸಿಡ್ ಹಾಕಿದೆ. ಬುರುಬುರು ಎಂದು ನೊರೆ ಬಂತು. ತುಕ್ಕೂ ಹೋಯಿತು, ಜೊತೆಗೆ ಕಲ್ಲೂ ಹೋಯಿತು. ಬೆರಳಿಟ್ಟರೆ ಮರಳು ಕಾಗದದ ಹಾಗೆ ಒರಟು ಕುಳಿ. ಉಳಿದ ಮೂರು ಕಾಲಿನ ಗುರುತಿಗೆ ಕೈ ಹಚ್ಚದೆ ಸಾಣೆಗೆ ಬಿಟ್ಟೆ.

ಮಾರ್ಬಲ್‌ನಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿವೆ. ಕಲೆ ಕೂರುವುದು ಅದರೊಳಗೆ. ಎಷ್ಟು ತಿಕ್ಕಿದರೂ ಬ್ರಶ್ ಅಲ್ಲಿಗೆ ಹೋಗುವುದಿಲ್ಲ. ಅದಕ್ಕೆ ಲೇಪ ಹಾಕಿ ಒಳಗಿನದನ್ನು ಮೇಲಕ್ಕೆ ಹೀರಿಸಬೇಕು. ಗಾಯಕ್ಕೆ ಪೋಲ್ಟೀಸು ಕಟ್ಟುತ್ತಿದ್ದರಲ್ಲ, ಹೆಚ್ಚುಕಡಿಮೆ ಅದೇ ಲೆಕ್ಕ.

ಅರಿಶಿನ, ಕುಂಕುಮ, ಕಾಫಿ ಕಲೆಗೆ ಅಡುಗೆ ಸೋಡಾವನ್ನು ಮೆಡಿಕಲ್ ಶಾಪ್‌ನಲ್ಲಿ ಸಿಗುವ ಹೈಡ್ರೋಜನ್ ಪೆರಾಕ್ಸೈಡ್‌ನಲ್ಲಿ ದೋಸೆ ಹಿಟ್ಟಿಗಿಂತ ಸ್ವಲ್ಪ ಗಟ್ಟಿಯಾಗಿ ಕಲಸಿ. ಕಲೆಗಿಂತ ಒಂದು ಬೆರಳು ಅಗಲಕ್ಕೆ, ಅರ್ಧ ಸೆಂ.ಮೀ. ದಪ್ಪಕ್ಕೆ ಹಚ್ಚಿ. ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚಿ ಒಂದು ದಿನ ಬಿಡಿ. ಆಮೇಲೆ ಹಾಳೆ ತೆಗೆದು ಲೇಪ ತಾನಾಗಿ ಒಣಗಲಿ. ಹೀರುವ ಕೆಲಸ ನಡೆಯುವುದು ಒಣಗುವಾಗಲೇ. ಇಲ್ಲೇ ತುಂಬ ಜನ ಅವಸರ ಮಾಡುತ್ತಾರೆ. ಮರದ ತುಂಡಿನಿಂದ ಕೆರೆದು, ನೀರಲ್ಲಿ ಒರೆಸಿ. ಒಂದು ಸಲಕ್ಕೆ ಹೋಗದಿದ್ದರೆ ಇನ್ನೆರಡು ಸಲ ಹಾಕಿ.

ದೇವರ ಮನೆಯ ಎಣ್ಣೆ ಕಲೆಗೆ ಟಾಲ್ಕಂ ಪೌಡರ್ ಮತ್ತು ಥಿನ್ನರ್ ಕಲಸಿ ಇದೇ ರೀತಿ ಮಾಡಬೇಕು. ಥಿನ್ನರ್ ಬೆಂಕಿಗೆ ಬೇಗ ಹತ್ತಿಕೊಳ್ಳುತ್ತದೆ. ಲೇಪ ಒಣಗಿ ತೆಗೆಯುವವರೆಗೂ ಅಲ್ಲಿ ದೀಪ ಹಚ್ಚಬೇಡಿ, ಕಿಟಕಿ ತೆರೆದಿಡಿ. ಯಾವ ಲೇಪವಾದರೂ ಮೊದಲು ಮೂಲೆಯಲ್ಲಿ ಹಚ್ಚಿ ನೋಡಿ. ಬಣ್ಣದ ಕಲ್ಲಾದರೆ ಪೆರಾಕ್ಸೈಡ್ ಅದರ ಬಣ್ಣವನ್ನೂ ಇಳಿಸಬಹುದು.

ಸಂದು, ಬಿರುಕು ತುಂಬುವುದು

ಹಳೇ ನೆಲ ಮಂಕಾಗಿ ಕಾಣಲು ಅರ್ಧ ಕಾರಣ ಕಲ್ಲಲ್ಲ, ಸಂದು. ಬಿಳಿ ಸಿಮೆಂಟ್ ಸವೆದು ತಗ್ಗಾಗಿ ಕೊಳೆ ಕೂತು ಕಪ್ಪು ಗೆರೆಯಾಗಿರುತ್ತದೆ. ಅದನ್ನು ಮೂರ್ನಾಲ್ಕು ಮಿ.ಮೀ. ಆಳಕ್ಕೆ ಕೆರೆಸಿ, ಧೂಳು ತೆಗೆಸಿ, ಹೊಸದಾಗಿ ತುಂಬಿಸಬೇಕು. ಬಿಳಿ ಸಿಮೆಂಟಿಗೆ ಕಲ್ಲಿನ ಪುಡಿ ಬೆರೆಸಿ ತುಂಬುವುದು ಅಗ್ಗ. ಎಪಾಕ್ಸಿ ಎಂಬ ಗಟ್ಟಿ ಅಂಟು ತುಂಬಿಸಿದರೆ ದುಡ್ಡು ಜಾಸ್ತಿ, ಆದರೆ ನೀರು, ಕೊಳೆ ಹೀರುವುದಿಲ್ಲ. ನನ್ನ ಕೇಳಿದರೆ ಊಟದ ಜಾಗ ಮತ್ತು ಅಡುಗೆ ಮನೆ ಬಾಗಿಲ ಬಳಿ ಎಪಾಕ್ಸಿ, ಉಳಿದ ಕಡೆ ಸಿಮೆಂಟ್ ಸಾಕು. ಸಿಮೆಂಟ್ ಆದರೆ ಎರಡು ಮೂರು ದಿನ ಒದ್ದೆ ಬಟ್ಟೆ ಹಾಸಿ ಗಟ್ಟಿಯಾಗಲು ಬಿಡಿ.

ಬಿರುಕಿಗೆ ಅದೇ ನೆಲದ ಪುಡಿ ಬೆರೆಸಿದರೆ ಬಣ್ಣ ಚೆನ್ನಾಗಿ ಹೊಂದುತ್ತದೆ. ಮೂಲೆಯಲ್ಲಿ ಸ್ವಲ್ಪ ಸಾಣೆ ಹಿಡಿಸಿ, ಆ ಹಿಟ್ಟು ಒಣಗಿಸಿ ಇಟ್ಟುಕೊಳ್ಳಲು ಹೇಳಿ.

ಸಾಣೆ: ನಂಬರ್ ಹಾರಿಸಲು ಬಿಡಬೇಡಿ

ಅಸಲಿ ಕೆಲಸ ಇದು. ಇದನ್ನು ನೀವೇ ಮಾಡಲು ಹೋಗಬೇಡಿ. ಬಾಡಿಗೆಗೆ ಮಷೀನ್ ಸಿಗುತ್ತದೆ ನಿಜ. ಆದರೆ ಅದು ಕೈತಪ್ಪಿ ಒಂದೇ ಕಡೆ ನಿಂತರೆ ನೆಲದಲ್ಲಿ ತಟ್ಟೆಯಷ್ಟು ತಗ್ಗು ಬೀಳುತ್ತದೆ. ನಿಮ್ಮ ಕೆಲಸ ಪಕ್ಕದಲ್ಲಿ ನಿಂತು ನೋಡುವುದು. ನೋಡಲು ಏನೇನು ಗೊತ್ತಿರಬೇಕೋ ಅದನ್ನು ಹೇಳುತ್ತೇನೆ.

ಶುರುವಿಗೆ ಮುಂಚೆ ಹಾಲ್ ಪೂರ್ತಿ ಖಾಲಿ ಮಾಡಿ. ಬೀರುವನ್ನು ಮುಖ್ಯವಾಗಿ ಸರಿಸಿ. ಇಲ್ಲದಿದ್ದರೆ ಅದರಡಿಯ ಚೌಕ ಒಂದು ಮಿ.ಮೀ. ಎತ್ತರದ ಕಟ್ಟೆಯಾಗಿ ಉಳಿದುಬಿಡುತ್ತದೆ. ಗೋಡೆಗೆ, ಬಾಗಿಲ ಚೌಕಟ್ಟಿಗೆ ಎರಡಡಿ ಎತ್ತರ ಪ್ಲಾಸ್ಟಿಕ್ ಅಂಟಿಸಿ. ನೀರು ಮತ್ತು ಕರೆಂಟು ಜೊತೆಗೇ ಇರುವ ಕೆಲಸ ಇದು. ಮಷೀನ್ ವೈರಿನಲ್ಲಿ ಸುತ್ತಿದ ಟೇಪ್, ಗಾಯ ಇದೆಯಾ ನೋಡಿ. ಅರ್ಥಿಂಗ್ ಇರುವ ಪವರ್ ಪ್ಲಗ್ ಮಾತ್ರ ಕೊಡಿ.

ಸಾಣೆಕಲ್ಲು ಅಥವಾ ಡೈಮಂಡ್ ಪ್ಯಾಡ್‌ಗೆ ನಂಬರ್ ಇರುತ್ತದೆ. ನಂಬರ್ ಚಿಕ್ಕದಾದಷ್ಟೂ ಒರಟು. ಡೈಮಂಡ್ ಪ್ಯಾಡ್‌ನಲ್ಲಿ 50, 100, 200, 400, 800, 1500, 3000 ಎಂದು ಸಾಗುತ್ತದೆ. 50 ನಂಬರ್ ಉಬ್ಬು ತಗ್ಗು ತೆಗೆಯುತ್ತದೆ, ಆದರೆ ತನ್ನದೇ ಗೀರು ಬಿಡುತ್ತದೆ. ಆ ಗೀರನ್ನು 100 ತೆಗೆಯುತ್ತದೆ. 100ರ ಗೀರನ್ನು 200. ನಡುವೆ ಒಂದನ್ನು ಹಾರಿಸಿದರೆ ಹಿಂದಿನ ಗೀರು ಪೂರ್ತಿ ಹೋಗುವುದಿಲ್ಲ. ಕೊನೆಯಲ್ಲಿ ಪಳಪಳ ಎನ್ನುತ್ತದೆ, ನಿಜ. ಸಂಜೆ ಬಿಸಿಲು ಓರೆಯಾಗಿ ಬಿದ್ದಾಗ ಸುರುಳಿ ಸುರುಳಿ ಗೆರೆ ಎದ್ದು ಕಾಣುತ್ತದೆ. ಆಗ ಕೆಲಸದವರು ಊರಲ್ಲೇ ಇರುವುದಿಲ್ಲ.

ಹಾಗಾಗಿ ಪ್ರತಿ ನಂಬರ್ ಆದ ಮೇಲೆ ನೆಲ ಚೆನ್ನಾಗಿ ತೊಳೆದು, ಒರೆಸಿ, ಒಣಗಿಸಿ ನೋಡಿ. ಒದ್ದೆ ನೆಲ ಯಾವಾಗಲೂ ಚೆನ್ನಾಗಿಯೇ ಕಾಣುತ್ತದೆ, ನಂಬಬೇಡಿ. ತೊಳೆಯುವುದಕ್ಕೆ ಇನ್ನೊಂದು ಕಾರಣವೂ ಇದೆ. 50 ನಂಬರ್‌ನ ಒಂದು ಕಾಳು 800ರ ಪ್ಯಾಡ್ ಕೆಳಗೆ ಸಿಕ್ಕರೆ ಸಾಕು, ಅಷ್ಟೂ ಕೆಲಸ ಕೆಡುತ್ತದೆ. ದೊಡ್ಡ ಮಷೀನ್ ಗೋಡೆಯಂಚಿಗೆ ಹೋಗುವುದಿಲ್ಲ. ಅಲ್ಲಿ ಕೈ ಮಷೀನ್‌ನಲ್ಲಿ ಇಷ್ಟೂ ನಂಬರ್ ಮತ್ತೆ ಓಡಿಸಬೇಕು. ಮೈಗಳ್ಳತನ ಮೊದಲು ಕಾಣುವುದು ಈ ಅಂಚಿನಲ್ಲೇ.

ಸಾಣೆಯಿಂದ ಬರುವ ಬಿಳಿ ಗಂಜಿ ಚರಂಡಿಗೆ ಹೋಗದಂತೆ ನೋಡಿಕೊಳ್ಳಿ. ನಮ್ಮ ಮನೆಯಲ್ಲಿ ಮೊದಲ ದಿನ ಬಾಲ್ಕನಿ ಪೈಪಿಗೆ ತಳ್ಳಿದರು. ಅದು ಒಳಗೆ ಕೂತು ಗಟ್ಟಿಯಾಯಿತು. ಪ್ಲಂಬರ್ ಪೈಪನ್ನೇ ಕತ್ತರಿಸಬೇಕಾಯಿತು. ಬಕೆಟ್‌ನಲ್ಲಿ ತುಂಬಿ, ನೀರು ತಿಳಿಯಾದ ಮೇಲೆ ಬಸಿದು, ಉಳಿದ ಗಟ್ಟಿಯನ್ನು ಗೋಣಿ ಚೀಲಕ್ಕೆ ಹಾಕಿ ಕಟ್ಟಡದ ಕಸದ ಜೊತೆ ಕಳಿಸಿ.

ಎಲ್ಲಿ ನಿಲ್ಲಿಸಬೇಕು?

ಕನ್ನಡಿ ಹೊಳಪು ಎಲ್ಲ ಕಡೆ ಬೇಕಿಲ್ಲ. 400ಕ್ಕೆ ನಿಲ್ಲಿಸಿದರೆ ನುಣುಪಾದ, ಹೊಳಪಿಲ್ಲದ ನೆಲ ಸಿಗುತ್ತದೆ. ಮೇಲಕ್ಕೆ ಹೋದಷ್ಟೂ ಮಿರುಗು, ಹಾಗೆಯೇ ನೀರು ಬಿದ್ದರೆ ಜಾರುವುದೂ ಹೆಚ್ಚು. ನಾನು 3000 ಎಂದೆ. ಅಮ್ಮ ಒಪ್ಪಲಿಲ್ಲ. "ಮುಖ ನೋಡ್ಕೊಳ್ಳೋಕೆ ಕನ್ನಡಿ ಇದ್ಯಲ್ಲೋ, ನೆಲ ಯಾಕೆ?" ಅಂದರು. ಎಪ್ಪತ್ತೆಂಟು ವರ್ಷದ ಅವರ ಸೊಂಟದ ಮುಂದೆ ನನ್ನ ವಾದ ನಡೆಯಲಿಲ್ಲ. ಹಾಲ್‌ಗೆ 1500, ಬಚ್ಚಲ ದಾರಿಗೂ ವರಾಂಡಕ್ಕೂ 400 ಎಂದು ರಾಜಿಯಾಯಿತು. ಈಗ ನೋಡಿದರೆ ಅವರು ಹೇಳಿದ್ದೇ ಸರಿ ಅನಿಸುತ್ತದೆ.

ಹಳೇ ಪದ್ಧತಿಯವರು ಕೊನೆಗೆ ಆಕ್ಸಾಲಿಕ್ ಪುಡಿ ಹಾಕಿ ಉಜ್ಜುತ್ತಾರೆ. ಹೊಳಪು ಬರುತ್ತದೆ, ಆದರೆ ಅದು ವಿಷ. ಗ್ಲೌಸ್ ಬೇಕು, ಮಕ್ಕಳು, ನಾಯಿ, ಬೆಕ್ಕು ಹತ್ತಿರ ಬರಬಾರದು. ಮುಗಿದ ಮೇಲೆ ಎರಡು ಮೂರು ಸಲ ನೀರಲ್ಲಿ ತೊಳೆಯಬೇಕು. ಕೆಲವರು ಉಕ್ಕಿನ ನಾರಿನಲ್ಲಿ ಕ್ರಿಸ್ಟಲ್ ಪಾಲಿಶ್ ಮಾಡುತ್ತಾರೆ. ಅದರ ಸಣ್ಣ ಚೂರು ಉಳಿದು ನೀರು ತಾಗಿದರೆ ಹೊಸ ನೆಲದಲ್ಲಿ ತುಕ್ಕಿನ ಚುಕ್ಕೆ ಏಳುತ್ತದೆ. ವ್ಯಾಕ್ಯೂಮ್ ಹಾಕಿಸದೆ ಕಳಿಸಬೇಡಿ.

ನಮ್ಮ ಹಾಲ್‌ಗೆ ಹಸಿರು ಅಂಚು ಇತ್ತು. ಗ್ರೀನ್ ಮಾರ್ಬಲ್ ಎನ್ನುತ್ತಾರೆ, ಅಸಲಿಗೆ ಅದು ಸರ್ಪೆಂಟೈನ್ ಜಾತಿಯ ಬೇರೆ ಕಲ್ಲು. ಬಿಳಿ ಕಲ್ಲಿನಷ್ಟೇ ಹೊಳಪು ಅದಕ್ಕೂ ಬರಲಿ ಎಂದು ಹಟ ಹಿಡಿಯಬೇಡಿ.

ದರದ ಬಗ್ಗೆ ಒಂದು ಮಾತು. ಚದರಡಿಗೆ ಇಷ್ಟು ಎಂದು ಹೇಳುತ್ತಾರೆ. ಅದರಲ್ಲಿ ಸಂದು ತುಂಬುವುದು, ಅಂಚು, ಸ್ಕರ್ಟಿಂಗ್, ಮೆಟ್ಟಿಲು ಸೇರಿದೆಯಾ, ಎಷ್ಟು ನಂಬರ್‌ವರೆಗೆ ಹೋಗುತ್ತಾರೆ ಎಂದು ಚೀಟಿಯಲ್ಲಿ ಬರೆಸಿಕೊಳ್ಳಿ. ಟೈಲ್ಸ್ ಜೊತೆ ಹೋಲಿಸುವಾಗ ಟೈಲ್ಸ್ ಬೆಲೆ ಮಾತ್ರ ಹಿಡಿಯಬೇಡಿ. ಒಡೆಯುವ ಕೂಲಿ, ಅವಶೇಷ ಸಾಗಿಸುವ ಲಾರಿ, ಸಿಮೆಂಟ್, ಮರಳು ಎಲ್ಲ ಸೇರಿಸಿ. ಹಳೇ ನೆಲದ ಮೇಲೆಯೇ ಟೈಲ್ಸ್ ಹಾಕಿದರೆ ನೆಲ ಎತ್ತರವಾಗಿ ಎಲ್ಲ ಬಾಗಿಲನ್ನೂ ಕೆಳಗೆ ಕೊಯ್ಯಿಸಬೇಕು.

ಆಮೇಲೆ

ನಮ್ಮ 320 ಚದರಡಿ ಹಾಲ್‌ಗೆ ಸಂದು ಒಣಗಲು ಬಿಟ್ಟದ್ದೂ ಸೇರಿ ಒಂದು ವಾರ ಹಿಡಿಯಿತು. ಮಾರ್ಬಲ್‌ಗೆ ದೊಡ್ಡ ಶತ್ರು ಬಾಗಿಲಲ್ಲೇ ಇದೆ: ಚಪ್ಪಲಿಗೆ ಅಂಟಿ ಬರುವ ಮರಳು. ಗಡಸುತನ ಅಳೆಯುವ ಮೋಸ್ ಮಾಪಕದಲ್ಲಿ ಮಾರ್ಬಲ್ ಸುಮಾರು 3. ಮರಳಿನಲ್ಲಿರುವ ಬೆಣಚುಕಲ್ಲಿನ ಕಾಳು 7. ಪ್ರತಿ ಹೆಜ್ಜೆಯೂ ಸಾಣೆ ಹಿಡಿದ ಹಾಗೆ. ಹೊಸಿಲ ಹೊರಗೊಂದು, ಒಳಗೊಂದು ಕಾಲೊರೆಸು ಹಾಕಿ. ದಿನಾ ಮೆತ್ತನೆ ಪೊರಕೆಯಲ್ಲಿ ಗುಡಿಸಿದ ಮೇಲೆಯೇ ಒರೆಸಿ. ಒರೆಸುವ ನೀರಿಗೆ ಹುಳಿ, ಕ್ಷಾರ ಎರಡೂ ಅಲ್ಲದ ಮೆದು ಸೋಪು ಒಂದು ಮುಚ್ಚಳ ಸಾಕು. ಆಸಿಡ್, ಬ್ಲೀಚಿಂಗ್ ಪುಡಿ, ನಿಂಬೆ ವಾಸನೆ ಎಂದು ಹೇಳಿಕೊಳ್ಳುವ ಕ್ಲೀನರ್ ಯಾವುದೂ ಬೇಡ. ಸಾರು ಚೆಲ್ಲಿದರೆ ಊಟ ಮುಗಿಯುವವರೆಗೆ ಕಾಯಬೇಡಿ, ಎದ್ದು ಒತ್ತಿ ತೆಗೆಯಿರಿ.

ಬೀರು ಮತ್ತೆ ತನ್ನ ಹಳೇ ಜಾಗಕ್ಕೆ ಬಂತು. ಮೂರು ತುಕ್ಕು ಗುರುತು ಸಾಣೆಗೆ ಹೋದವು. ನಾನು ಆಸಿಡ್ ಸುರಿದ ನಾಲ್ಕನೆಯದು ಇನ್ನೂ ಸಣ್ಣ ತಗ್ಗಾಗಿ ಇದೆ. ಸದ್ಯಕ್ಕೆ ಅದರ ಮೇಲೆ ರಬ್ಬರ್ ಬುಶ್ ಹಾಕಿಕೊಂಡ ಬೀರುವಿನ ಕಾಲು ಕೂತಿದೆ.